ಕುದುರೆಮುಖದ ಬುಡದ ಮುಳ್ಳೋಡಿ: ಜೀಪು, ಮನೆಯೂಟ, ಚಾರಣ ಹೇಗಿದೆ?

ಕುದುರೆಮುಖ ಶಿಖರದ ಬಗ್ಗೆ ಬರೆಯುವವರೆಲ್ಲ ಮೇಲಿನ ಮಂಜು, ಹಸಿರು ಹುಲ್ಲಿನ ಬಗ್ಗೆಯೇ ಬರೆಯುತ್ತಾರೆ. ಶಿಖರಕ್ಕೆ ವಿಮರ್ಶೆ ಬೇಕಾಗಿಲ್ಲ. ಸುಮಾರು 1,890 ಮೀಟರ್ ಎತ್ತರದ ಆ ಏಣು ಯಾರ ಸ್ಟಾರ್‌ಗೂ ಕಾದು ಕೂತಿಲ್ಲ. ವಿಮರ್ಶೆ ಬೇಕಾಗಿರುವುದು ನಾವು ದುಡ್ಡು ಕೊಟ್ಟು ಪಡೆಯುವ ಸೇವೆಗೆ: ಅರಣ್ಯ ಇಲಾಖೆಯ ಟಿಕೆಟ್, ಬಾಳ್ಗಲ್‌ನಿಂದ ಮುಳ್ಳೋಡಿಗೆ ಹೋಗುವ ಜೀಪು, ರಾತ್ರಿ ತಂಗುವ ಮನೆ, ಬುತ್ತಿ, ಜೊತೆಗೆ ಬರುವ ಗೈಡ್. ಈ ಐದರಲ್ಲಿ ಮೂರು ಸರಿಯಾಗಿದ್ದರೆ ದಿನ ಚೆನ್ನಾಗಿರುತ್ತದೆ. ಟಿಕೆಟ್ ಒಂದು ತಪ್ಪಿದರೆ ಉಳಿದ ನಾಲ್ಕೂ ವ್ಯರ್ಥ.

ಮೊದಲು ಊರಿನ ಬಗ್ಗೆ. ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಕುದುರೆಮುಖ ಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ ಸಂಸೆ ಸಿಗುತ್ತದೆ. ಅದರಾಚೆ ಬಾಳ್ಗಲ್. ಅಲ್ಲಿಂದ ಸುಮಾರು ಆರು ಕಿಲೋಮೀಟರ್ ಒಳಗೆ, ಕಾಡಿನಂಚಿಗೆ ಮುಳ್ಳೋಡಿ. ಊರು ಎಂದರೆ ಸಾಲು ಮನೆಗಳಲ್ಲ. ಒಂದು ಕಣಿವೆಗೆ ಒಂದೆರಡು ಮನೆ, ಮನೆ ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ, ಅದರೊಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಪಕ್ಕದಲ್ಲಿ ಒಂದು ತುಂಡು ಗದ್ದೆ. ಗೌಡರ ಮನೆಗಳಿವೆ, ಬುಡಕಟ್ಟಿನವರಾದ ಮಲೆಕುಡಿಯರ ಮನೆಗಳಿವೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೂ ಅಂಚಿನಲ್ಲೂ ಬದುಕುತ್ತಿರುವ ಜನ ಇವರು. ರಸ್ತೆಗೆ ಡಾಂಬರು ಬೀಳುವುದು, ಕರೆಂಟಿನ ಕಂಬ ನೆಡುವುದು ಇಲ್ಲಿ ಪಂಚಾಯ್ತಿಯ ಮನಸ್ಸಿನಿಂದಷ್ಟೇ ಆಗುವ ಕೆಲಸವಲ್ಲ, ಅರಣ್ಯ ಕಾನೂನಿನ ಒಪ್ಪಿಗೆಯೂ ಬೇಕು. ಆದ್ದರಿಂದ "ರಸ್ತೆ ಸರಿಯಿಲ್ಲ" ಎಂದು ಹೋಂಸ್ಟೇಗೆ ಎರಡು ಸ್ಟಾರ್ ಕೊಡುವವರು ತಪ್ಪು ವಿಳಾಸಕ್ಕೆ ದೂರು ಕೊಡುತ್ತಿದ್ದಾರೆ.

ಟಿಕೆಟ್ ವಿಷಯ. ಈಗ ಚಾರಣದ ಪರವಾನಗಿ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲೇ ಆಗಬೇಕು. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ರಾಜ್ಯದ ಚಾರಣ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಬಂತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಈ ವ್ಯವಸ್ಥೆ ಒಳ್ಳೆಯದೇ. ಹಿಂದೆ ಚೆಕ್‌ಪೋಸ್ಟ್‌ನಲ್ಲಿ ಬೆಳಗಿನ ಜಾವ ನಡೆಯುತ್ತಿದ್ದ ಜಟಾಪಟಿ ಈಗಿಲ್ಲ. ಆದರೆ ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುತ್ತದೆ. ಹೆಚ್ಚಿನವರು ಮಾಡುವ ಎಡವಟ್ಟು ಏನೆಂದರೆ ಬಸ್ಸು, ಹೋಂಸ್ಟೇ ಎರಡನ್ನೂ ಮೊದಲು ಬುಕ್ ಮಾಡಿ ಕೊನೆಗೆ ಟಿಕೆಟ್ ಹುಡುಕುವುದು. ಕ್ರಮ ತಿರುಗಿಸಿ: ಮೊದಲು ಟಿಕೆಟ್, ಆಮೇಲೆ ಮನೆ, ಕೊನೆಗೆ ಬಸ್ಸು. ಟಿಕೆಟಿನಲ್ಲಿ ಯಾರ ಹೆಸರಿದೆಯೋ ಅವರೇ ಗುರುತಿನ ಚೀಟಿ ಹಿಡಿದು ಹೋಗಬೇಕು. ಒಬ್ಬ ಗೆಳೆಯ ಕೈಕೊಟ್ಟರೆ ಇನ್ನೊಬ್ಬನನ್ನು ಆ ಹೆಸರಿನಲ್ಲಿ ನುಗ್ಗಿಸಬಹುದೆಂಬ ಲೆಕ್ಕ ಬೇಡ. ಮುಳ್ಳೋಡಿಯಲ್ಲಿ ನೆಟ್‌ವರ್ಕ್ ನಂಬುವಂಥದ್ದಲ್ಲ. ಟಿಕೆಟ್ಟನ್ನು ಮನೆಯಲ್ಲೇ ಪ್ರಿಂಟ್ ತೆಗೆದುಕೊಳ್ಳಿ, ಇಲ್ಲವೇ ಕಳಸ ದಾಟುವ ಮುಂಚೆ ಫೋನಿನಲ್ಲಿ ಇಳಿಸಿಕೊಳ್ಳಿ.

ಪ್ಯಾಕೇಜ್ ಕೊಳ್ಳುವವರಿಗೆ ಒಂದು ಮಾತು. ನಗರದಿಂದ ವಾರಾಂತ್ಯದ ಪ್ಯಾಕೇಜ್ ಮಾರುವ ಎಲ್ಲರೂ ಕೆಟ್ಟವರಲ್ಲ. ಆದರೆ ದುಡ್ಡು ಕಟ್ಟುವ ಮುಂಚೆ ನಿಮ್ಮ ಹೆಸರಿರುವ ಟಿಕೆಟಿನ ಪ್ರತಿಯನ್ನು ಕೇಳಿ ಪಡೆಯಿರಿ. "ಅಲ್ಲೇ ಹೋದ ಮೇಲೆ ಕೊಡ್ತೀವಿ" ಎಂಬ ಉತ್ತರ ಬಂದರೆ ಬೇರೆಯವರನ್ನು ನೋಡಿ. ಕುದುರೆಮುಖದ ಹೆಸರಲ್ಲಿ ಕರೆದು, ಟಿಕೆಟ್ ಸಿಗದೆ ಬೇರೆ ಯಾವುದೋ ಗುಡ್ಡ ತೋರಿಸಿ ಕಳಿಸುವ ಪದ್ಧತಿಯೂ ಇದೆ.

ಇನ್ನು ಜೀಪು. ಇಡೀ ಸೇವೆಯಲ್ಲಿ ಪೂರ್ತಿ ಅಂಕ ಕೊಡಬೇಕಾದ್ದು ಇದಕ್ಕೆ. ಬಾಳ್ಗಲ್–ಮುಳ್ಳೋಡಿ ದಾರಿಯಲ್ಲಿ ಕೆಲವು ಕಡೆ ಕಾಂಕ್ರೀಟು, ಉಳಿದದ್ದು ಮಣ್ಣು ಮತ್ತು ಎದ್ದ ಕಲ್ಲು. ಮಳೆ ಬಿದ್ದ ಮೇಲೆ ಈ ಕೆಂಪುಮಣ್ಣು ಟೈರಿನ ಸಂದಿಗಳಲ್ಲಿ ತುಂಬಿಕೊಂಡು ಹಿಡಿತವೇ ಇಲ್ಲದಂತೆ ಮಾಡುತ್ತದೆ. ಕಾರಿನವರಿಗೆ ಮೂರು ಕಡೆ ಪೆಟ್ಟು ಬೀಳುತ್ತದೆ. ಚಕ್ರದ ಜಾಡು ಆಳವಾಗಿ, ನಡುವಿನ ದಿಬ್ಬ ಇಂಜಿನ್ನಿನ ಆಯಿಲ್ ಚೇಂಬರಿಗೆ ತಾಗುತ್ತದೆ. ಏರಿನ ತಿರುವಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಿ ನಿಲ್ಲಿಸಿ ಹತ್ತಿಸುವಾಗ ಕ್ಲಚ್ ಪ್ಲೇಟ್ ಸುಡುತ್ತದೆ. ಎದುರಿನಿಂದ ಜೀಪು ಬಂದರೆ ಹಿಂದಕ್ಕೆ ಹೋಗಬೇಕಾದವರು ನೀವೇ, ಬದಿಯಲ್ಲಿ ಪ್ರಪಾತ. ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚಿದೆ ಎಂಬ ಭರವಸೆಯಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿಯಿರುವ ಎಸ್‌ಯುವಿ ತರುವವರು ಹೆಚ್ಚು ಸಿಕ್ಕಿಬೀಳುತ್ತಾರೆ. ಏರಿನಲ್ಲಿ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಗಾಡಿಯನ್ನು ಬಾಳ್ಗಲ್‌ನಲ್ಲೋ ಸಂಸೆಯಲ್ಲೋ ಮನೆಯವರು ಹೇಳಿದ ಜಾಗದಲ್ಲಿ ಬಿಟ್ಟು ಜೀಪು ಹತ್ತಿ.

ಊರಿನ ಜೀಪುಗಳು ಹಳೆಯವು, ಸೀಟಿನ ಫೋಮು ಕಿತ್ತುಹೋಗಿರಬಹುದು, ಟಾರ್ಪಾಲಿನ ಸಂದಿಯಿಂದ ನೀರು ಸೋರಬಹುದು. ಅದನ್ನೆಲ್ಲ ನೋಡಬೇಡಿ. ನೋಡಬೇಕಾದ್ದು ಡ್ರೈವರ್ ಕೆಟ್ಟ ಏರು ಬರುವ ಮುಂಚೆಯೇ ನಿಲ್ಲಿಸಿ ನಾಲ್ಕು ಚಕ್ರದ ಲೋ ಗೇರಿಗೆ ಹಾಕುತ್ತಾನೋ, ಏರಿನ ಮಧ್ಯೆ ಗೇರು ಹುಡುಕುತ್ತಾನೋ ಎಂಬುದನ್ನು. ಇಲ್ಲಿನ ಹುಡುಗರು ಮೊದಲ ಬಗೆಯವರು. ಇಳಿಯುವಾಗಲೂ ಬ್ರೇಕಿನ ಮೇಲೆ ಕಾಲಿಡದೆ ಗೇರಿನಲ್ಲೇ ತಡೆದು ಇಳಿಸುತ್ತಾರೆ. ತೋಟಕ್ಕೆ ಗೊಬ್ಬರ, ಅಂಗಡಿಗೆ ಸಾಮಾನು, ಕಾಯಿಲೆಯವರನ್ನು ಕಳಸದ ಆಸ್ಪತ್ರೆಗೆ, ಮಕ್ಕಳನ್ನು ಶಾಲೆಯ ಬಸ್ಸಿಗೆ ಎಂದು ವರ್ಷವಿಡೀ ಓಡಿಸಿದ ಕೈಗಳು ಅವು.

ಜೀಪಿನ ಬಾಡಿಗೆ ತಲೆಲೆಕ್ಕವಲ್ಲ, ಗಾಡಿ ಲೆಕ್ಕ. ಇಬ್ಬರೇ ಹೋದರೆ ದುಬಾರಿ ಅನಿಸುತ್ತದೆ. ಹಿಂದಿನ ಸಂಜೆಯೇ ಮನೆಯ ಯಜಮಾನರಿಗೆ ಹೇಳಿದರೆ ಇನ್ನೊಂದು ತಂಡದ ಜೊತೆ ಸೇರಿಸುತ್ತಾರೆ. ಹತ್ತುವ ಮುಂಚೆ ಮೂರು ಮಾತು ಬಿಡಿಸಿಕೊಳ್ಳಿ: ಬಾಡಿಗೆ ಹೋಗಿ ಬರುವುದಕ್ಕೆ ಸೇರಿಸಿಯೋ, ಒಂದು ಕಡೆಗೋ, ಸಂಜೆ ಇದೇ ಗಾಡಿ ಬರುತ್ತದೋ, ಬೇರೆಯದೋ, ಕಾಯಲು ಎಲ್ಲಿ ನಿಲ್ಲಬೇಕು. "ಅಣ್ಣಾ, ನಾಲ್ಕಕ್ಕೆ ಗೇಟಿನ ಹತ್ರ ಇರ್ತೀರಲ್ಲ?" ಎಂದು ಬಾಯಿಬಿಟ್ಟು ಕೇಳಿ ಹೂಂ ಅನಿಸಿಕೊಳ್ಳಿ. ಫೋನ್ ಮಾಡಿ ಕರೆಸಿದರಾಯ್ತು ಎಂದು ಹೋದವರೇ ಸಂಜೆ ಮಳೆಯಲ್ಲಿ ಅರಣ್ಯ ಇಲಾಖೆಯ ಗೇಟಿನ ಬಳಿ ನೆನೆಯುತ್ತಾ ನಿಲ್ಲುವುದು. ಮೇಲೆಯೂ ಸಿಗ್ನಲ್ ಇಲ್ಲ, ಗೇಟಿನ ಹತ್ತಿರವೂ ಇಲ್ಲ.

ಮನೆ ಆರಿಸುವುದು ಹೇಗೆ? ಹೋಂಸ್ಟೇ ಎಂಬ ಬೋರ್ಡು ಎರಡು ಬಗೆಯ ಜಾಗಕ್ಕೆ ಬಿದ್ದಿದೆ. ಒಂದು, ಮನೆಯವರು ವಾಸವಿರುವ, ಅಡುಗೆ ಅವರ ಒಲೆಯಲ್ಲೇ ಆಗುವ ಮನೆ. ಇನ್ನೊಂದು, ಹೊರಗಿನವರು ಜಾಗ ಹಿಡಿದು ಶೀಟು ಹೊದಿಸಿ ಹಾಸಿಗೆ ಸಾಲು ಹಾಕಿದ್ದು, ಅಲ್ಲಿ ಇರುವುದು ಸಂಬಳದ ಹುಡುಗರು. ಫೋನಿನಲ್ಲೇ ಗೊತ್ತುಮಾಡಿಕೊಳ್ಳಬಹುದು. ಎಷ್ಟು ಜನಕ್ಕೆ ಎಷ್ಟು ಬಚ್ಚಲು, ಅಡುಗೆ ಯಾರು ಮಾಡುತ್ತಾರೆ, ಆ ರಾತ್ರಿ ಒಟ್ಟು ಎಷ್ಟು ಜನರನ್ನು ಒಪ್ಪಿಕೊಂಡಿದ್ದೀರಿ ಎಂದು ಕೇಳಿ. ಮೂವತ್ತು ಜನಕ್ಕೆ ಎರಡು ಬಚ್ಚಲೆಂದರೆ ಬೆಳಗ್ಗೆ ಆರಕ್ಕೆ ನೀವು ಗೇಟಿನಲ್ಲಿರುವುದಿಲ್ಲ. ವಾರದ ನಡುವೆ ಹೋದರೆ ಇದೇ ಮನೆಗಳು ಬೇರೆಯೇ ಅನುಭವ ಕೊಡುತ್ತವೆ. ಊಟ ಬಡಿಸುತ್ತಾ ಮನೆಯ ಅಕ್ಕ ಮಾತಾಡುವಷ್ಟು ಪುರುಸೊತ್ತು ಆಗ ಇರುತ್ತದೆ.

ಅನುಕೂಲ ಎಷ್ಟಿರುತ್ತದೆ ಎಂಬುದೂ ತಿಳಿದಿರಲಿ. ನೀರು ಬರುವುದು ಬೋರಿನಿಂದಲ್ಲ. ಮೇಲಿನ ಗುಡ್ಡದ ಅಬ್ಬಿಯಿಂದ ಪೈಪು ಹಾಕಿ, ಮೋಟಾರಿಲ್ಲದೆ ಇಳಿಜಾರಿನಲ್ಲೇ ಇಳಿದು ಬರುವ ನೀರು. ಜೋರು ಮಳೆಯ ರಾತ್ರಿ ನಲ್ಲಿ ನಿಂತಿತೆಂದರೆ ನೀರಿಲ್ಲ ಎಂದಲ್ಲ, ಪೈಪಿನ ಬಾಯಿಗೆ ಎಲೆ, ಕಸ ಕಟ್ಟಿದೆ ಎಂದರ್ಥ. ಮನೆಯವರೊಬ್ಬರು ಕತ್ತಿ, ಟಾರ್ಚು ಹಿಡಿದು ಕಾಡಿನೊಳಗೆ ಹತ್ತಿ ಹೋಗಿ ಬಿಡಿಸಿ ಬರಬೇಕು. ಅದಕ್ಕೇ ಬಚ್ಚಲಿನ ಕೊಡಪಾನ ರಾತ್ರಿಯೇ ತುಂಬಿಟ್ಟಿರುತ್ತಾರೆ. ಅದನ್ನು ಖಾಲಿ ಮಾಡಿ ಮಲಗಬೇಡಿ. ಬಿಸಿನೀರು ಹಂಡೆಯದು, ಕೆಳಗೆ ಸೌದೆ ಒಲೆ. ಬಿಸಿನೀರು ತೆಗೆದವರು ಅಷ್ಟೇ ತಣ್ಣೀರು ಹಂಡೆಗೆ ಹಾಕಿದರೆ ಹಿಂದೆ ಬರುವವರಿಗೂ ಸಿಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವುದುಂಟು. ಹಳ್ಳದ ನೀರಿನಿಂದ ಪುಟ್ಟ ಟರ್ಬೈನ್ ತಿರುಗಿಸಿ ದೀಪ ಉರಿಸಿಕೊಳ್ಳುವ ಮನೆಗಳೂ ಈ ಸೀಮೆಯಲ್ಲಿವೆ. ಬಲ್ಬು, ಮೊಬೈಲು ಚಾರ್ಜಿಗೆ ಅದು ಸಾಕು. ಹೇರ್ ಡ್ರೈಯರ್, ಕೆಟಲ್ ಚುಚ್ಚಿದರೆ ಮನೆಯೆಲ್ಲ ಕತ್ತಲು. ಒದ್ದೆ ಬೂಟು ಒಣಗಿಸಲು ಬಚ್ಚಲು ಒಲೆಯ ಹತ್ತಿರ ಇಡುತ್ತಾರೆ. ಬೆಂಕಿಗೆ ತೀರ ಹತ್ತಿರ ಇಟ್ಟರೆ ಅಟ್ಟೆಯ ಅಂಟು ಬಿಟ್ಟು ಮರುದಿನ ಗುಡ್ಡದ ಮಧ್ಯೆ ಬಾಯಿಬಿಡುತ್ತದೆ. ಒಂದು ಮಾರು ದೂರ ಇಟ್ಟು ಒಳಗೆ ಹಳೆ ಪೇಪರು ತುರುಕಿ, ಅದು ನೆನೆದಾಗ ಬದಲಿಸಿ.

ಊಟಕ್ಕೆ ಎರಡು ಮಾತಿಲ್ಲ. ರಾತ್ರಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ, ಹೇಳಿದ್ದರೆ ಕೋಳಿ ಸಾರು. ಮಳೆಗಾಲವಾದರೆ ಕಳಲೆ, ಪತ್ರೊಡೆ ಕೇಳಿ ನೋಡಿ. ಆದರೆ ಮೂರು ನಾಲ್ಕು ದಿನ ಮುಂಚೆಯೇ ಹೇಳಬೇಕು. ಎಳೆ ಬಿದಿರಿನ ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿದ ಮೇಲೆಯೇ ತಿನ್ನಬೇಕಾದ್ದು, ಬಂದ ಕೂಡಲೇ ಮಾಡಿಕೊಡಿ ಎಂದರೆ ಆಗುವುದಿಲ್ಲ. ಪತ್ರೊಡೆಗೂ ಹಾಗೆ. ಹುಳಿ ಸಾಲದಿದ್ದರೆ ಕೆಸುವಿನೆಲೆ ಗಂಟಲು ಕೆರೆಯುತ್ತದೆ, ತಿಳಿದ ಕೈ ಬೇಕು.

ಬುತ್ತಿಯ ವಿಚಾರದಲ್ಲಿ ಮಾತ್ರ ತಕರಾರಿದೆ. ಜನ ಹೆಚ್ಚಾದಾಗ ಹಲವು ಮನೆಗಳು ಬೆಳಗ್ಗೆ ನಾಲ್ಕಕ್ಕೆ ಪಲಾವು ಮಾಡಿ ಬಿಸಿ ಇರುವಾಗಲೇ ಕಟ್ಟಿಕೊಡುತ್ತವೆ. ಬಿಸಿ ಅನ್ನ ಮುಚ್ಚಿದ ಡಬ್ಬಿಯಲ್ಲಿ ಬೆವರಿ, ಬೀನ್ಸು, ಬಟಾಣಿ ಸೇರಿ, ಹನ್ನೊಂದು ಗಂಟೆಗೆ ಹುಳಿ ವಾಸನೆ ಬರುತ್ತದೆ. ಬದಲಿಗೆ ಅಕ್ಕಿ ರೊಟ್ಟಿ ಕೇಳಿ. ಉಪ್ಪು ಹಾಕಿ ಕುದಿಸಿದ ನೀರಿಗೆ ಅಕ್ಕಿ ಹಿಟ್ಟು ಸುರಿದು, ಬೇಯಿಸಿ, ಬಿಸಿಯಿರುವಾಗಲೇ ನಾದಿ, ತೆಳ್ಳಗೆ ತಟ್ಟಿ, ಕಾವಲಿಯಲ್ಲಿ ಎರಡೂ ಬದಿ ಕಾಯಿಸಿ ಕೆಂಡದ ಮೇಲೆ ಉಬ್ಬಿಸಿದ ಈ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಹಸಿ ಹಿಟ್ಟಿಗೆ ತಣ್ಣೀರು ಹಾಕಿ ತಟ್ಟಿದ್ದಾದರೆ ಎರಡು ತಾಸಿಗೆ ಹಪ್ಪಳ. ಜೊತೆಗೆ ಕಾಯಿ ಹಾಕದ ಒಣಮೆಣಸು, ಬೆಳ್ಳುಳ್ಳಿ, ಹುಣಸೆಯ ಚಟ್ನಿ. ಕಾಯಿ ಹಾಕಿದರೆ ಅದೂ ಕೆಡುತ್ತದೆ. ಒಬ್ಬರಿಗೆ ನಾಲ್ಕು ರೊಟ್ಟಿ, ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲ. ಸ್ಟೀಲ್ ಡಬ್ಬಿ ನೀವೇ ಒಯ್ಯಿರಿ. ಚೆಕ್‌ಪೋಸ್ಟ್‌ನಲ್ಲಿ ಚೀಲ ಬಿಚ್ಚಿಸಿ ನೋಡುತ್ತಾರೆ, ಚಿಪ್ಸ್ ಪ್ಯಾಕೆಟ್ಟು, ಬಳಸಿ ಎಸೆಯುವ ಬಾಟಲಿ, ಬೀಡಿ-ಸಿಗರೇಟು, ಮದ್ಯ ಒಳಗೆ ಬಿಡುವುದಿಲ್ಲ. ಬಿಡಬಾರದು ಕೂಡ.

ಚಾರಣ ಹೋಗಿ ಬರಲು ಸುಮಾರು 18ರಿಂದ 20 ಕಿ.ಮೀ., ಅಭ್ಯಾಸವಿದ್ದವರಿಗೆ ಏಳೆಂಟು ತಾಸು, ಇಲ್ಲದವರಿಗೆ ಒಂಬತ್ತು. ಮೇಲೆ ಟೆಂಟು ಹಾಕಿ ಉಳಿಯಲು ಅವಕಾಶವಿಲ್ಲ, ಸಂಜೆಯೊಳಗೆ ಗೇಟಿನಿಂದ ಹೊರಗಿರಬೇಕು. ಆದ್ದರಿಂದ ಬೆಳಗ್ಗೆ ತಡವಾದರೆ ಇಡೀ ದಿನದ ಲೆಕ್ಕ ತಪ್ಪುತ್ತದೆ. ಆರೂವರೆಗೆ ಹೊರಟವರು ಮಧ್ಯಾಹ್ನದ ಹೊತ್ತಿಗೆ ಮೇಲಿದ್ದು ನಾಲ್ಕಕ್ಕೆ ಇಳಿದಿರುತ್ತಾರೆ. ಒಂಬತ್ತಕ್ಕೆ ಹೊರಟವರು ಓಡುತ್ತಾ ಇಳಿಯುತ್ತಾರೆ, ಕಾಲು ಉಳುಕುವುದು ಆಗಲೇ. ಮಧ್ಯಾಹ್ನ ಒಂದು ಗಂಟೆಯಾದರೂ ತುದಿ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ.

ದಾರಿ ಮೊದಲು ಕಾಡು, ಹಳ್ಳ, ಆಮೇಲೆ ಬಯಲು ಹುಲ್ಲು, ಮತ್ತೆ ಶೋಲಾ ಕಾಡು, ಮತ್ತೆ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಮರ, ಏಣಿನ ಮೇಲೆಲ್ಲ ಹುಲ್ಲು, ಇದು ಇಲ್ಲಿನ ಗುಡ್ಡಗಳ ರೀತಿ. ಕಾಡು ಕಡಿದು ಬೋಳಾದದ್ದಲ್ಲ. ಈ ಹುಲ್ಲಿನ ಬುಡವೇ ಮಳೆನೀರನ್ನು ಹಿಡಿದು ನಿಧಾನಕ್ಕೆ ಕೆಳಗೆ ಬಿಡುವುದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಶ್ರೇಣಿಯಲ್ಲಿ, ಗಂಗಾಮೂಲದ ಹತ್ತಿರ. ದಾರಿ ಬಿಟ್ಟು ಅಡ್ಡ ಹಾಯ್ದು ಮಾಡಿದ ಕಾಲುದಾರಿ ಒಂದೇ ಮಳೆಗಾಲದಲ್ಲಿ ಕೊರಕಲಾಗಿ ಕೆಂಪು ಗಾಯವಾಗಿ ಉಳಿಯುತ್ತದೆ. ಏರಿನಲ್ಲಿ ಅಂಥ ಗಾಯಗಳು ಈಗಾಗಲೇ ಬೇಕಾದಷ್ಟಿವೆ.

ಹಳ್ಳ ದಾಟುವುದರಲ್ಲಿ ಉಡಾಫೆ ಸಲ್ಲದು. ನೀವಿರುವಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಸುರಿದರೆ ಅರ್ಧ ತಾಸಿನಲ್ಲಿ ನೀರೇರುತ್ತದೆ. ತಿಳಿಯಾಗಿದ್ದ ನೀರು ಕದಡಿ ಎಲೆ, ಕಡ್ಡಿ ತೇಲಿ ಬರಲು ಶುರುವಾದರೆ ಅದೇ ಸೂಚನೆ. ಮೊಣಕಾಲಿಗಿಂತ ಮೇಲೆ ಬಂದರೆ ಕಾಯಬೇಕು. ದಾಟುವಾಗ ಚೀಲದ ಸೊಂಟದ ಪಟ್ಟಿ ಬಿಚ್ಚಿರಿ, ಬಿದ್ದರೆ ಚೀಲ ಕಳಚಬೇಕು. ಬೂಟು ಬಿಚ್ಚಬೇಡಿ, ಪಾಚಿ ಕಲ್ಲಿನ ಮೇಲೆ ಬರಿಗಾಲು ನಿಲ್ಲುವುದಿಲ್ಲ.

ಇಂಬಳ (ಜಿಗಣೆ) ಜೂನ್‌ನಿಂದ ಅಕ್ಟೋಬರ್‌ವರೆಗೆ ತಪ್ಪಿದ್ದಲ್ಲ. ಉಪ್ಪು ಸವರಿದರೆ ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಮನೆಯವರು ಕೊಡುವ ನಶ್ಯ ಕಲಸಿದ ಎಣ್ಣೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಬೂಟಿನ ನಾಲಿಗೆ, ಕಾಲುಚೀಲದ ಅಂಚಿಗೆ ಚೆನ್ನಾಗಿ ಬಳಿಯಿರಿ. ಎಲ್ಲಕ್ಕಿಂತ ಒಳ್ಳೆಯದು ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗೆ ಬರುವ ಇಂಬಳದ ಕಾಲುಚೀಲ. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ, ಗಾಯ ದೊಡ್ಡದಾಗುತ್ತದೆ. ಉಗುರಿನಿಂದ ಬಾಯಿಯ ಪಕ್ಕ ಜಾರಿಸಿ ತೆಗೆಯಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಬಿಟ್ಟಿರುವುದರಿಂದ ಒಂದಷ್ಟು ಹೊತ್ತು ಸುರಿಯುತ್ತದೆ, ಗಾಬರಿ ಬೇಡ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರಾಯ್ತು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲದಲ್ಲಿ ಹೋಗುವುದು ಬೇಡ.

ಮೇಲಿನ ಏಣಿನ ಪಶ್ಚಿಮ ಬದಿ ಬೆಳ್ತಂಗಡಿ ಕಡೆಗೆ ನೇರ ಇಳಿದುಹೋಗಿದೆ. ಮಂಜು ಐದು ನಿಮಿಷದಲ್ಲಿ ಮುಚ್ಚುತ್ತದೆ, ಹುಲ್ಲು ಅಂಚನ್ನು ಮರೆಸುತ್ತದೆ. ಫೋಟೋಕ್ಕಾಗಿ ಅಂಚಿಗೆ ಹೋಗುವವರನ್ನು ಗೈಡ್ ಗದರಿದರೆ ಗದರಿಸಿಕೊಳ್ಳಿ. ಊರಿನ ಗೈಡುಗಳಲ್ಲಿ ಮಲೆಕುಡಿಯ ಹುಡುಗರು ಸಿಕ್ಕರೆ ಅದೃಷ್ಟ. ದಾರಿ ತೋರಿಸುವುದು ಚಿಕ್ಕ ಸಂಗತಿ. ಕಾಟಿಗಳ ಹಿಂಡು ಎಲ್ಲಿ ಮೇಯುತ್ತಿದೆ, ಯಾವ ಹಳ್ಳದ ನೀರು ಕುಡಿಯಬಹುದು, ಮರದ ಮೇಲೆ ಕೂಗಿದ್ದು ಸಿಂಗಳೀಕವೋ ಮುಸುವವೋ ಎಂಬುದನ್ನು ನಿಂತಲ್ಲೇ ಹೇಳುತ್ತಾರೆ. ಇವರ ಕೂಲಿಯನ್ನು ಮಧ್ಯವರ್ತಿಗೆ ಕೊಡದೆ ಅವರ ಕೈಗೇ ಕೊಡಿ.

ಯಾವಾಗ ಹೋಗಬೇಕು? ಮಳೆ ಬಿಟ್ಟ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ದಾರಿ, ನೋಟ ಎರಡೂ ಚೆನ್ನ. ಜೂನ್ ಕೊನೆಯಿಂದ ಆಗಸ್ಟ್ ಹೆಚ್ಚು ಜನ ಬರುವ ಕಾಲ, ಆದರೆ ತುದಿಯಲ್ಲಿ ಬಿಳಿ ಗೋಡೆ ಬಿಟ್ಟರೆ ಏನೂ ಕಾಣದಿರುವ ಸಾಧ್ಯತೆಯೇ ಹೆಚ್ಚು. ಭಾರೀ ಮಳೆಯ ಮುನ್ನೆಚ್ಚರಿಕೆ ಬಂದ ದಿನ ಇಲಾಖೆ ದಾರಿ ಮುಚ್ಚುವುದೂ ಉಂಟು. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಆಗ ಈ ಮನೆಗಳಿಗೆ ಅತಿಥಿಗಳಿಲ್ಲ, ಆದಾಯವೂ ಇಲ್ಲ.

ಆ ಆದಾಯದ ಮಾತು ಬಾಡಿಗೆಗೆ ಚೌಕಾಸಿ ಮಾಡುವ ಮುಂಚೆ ತಿಳಿದಿರಬೇಕು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಇಲ್ಲಿ ನಿಂತಿತು. ಕಾಡಿಗೆ, ಭದ್ರೆಗೆ ಅದು ಆಗಲೇಬೇಕಾಗಿತ್ತು. ಆದರೆ ಅದರ ಸುತ್ತ ಇದ್ದ ಕೂಲಿ, ಅಂಗಡಿ, ಸಾಗಾಟದ ಕೆಲಸವೂ ಹೋಯಿತು. ಉಳಿದದ್ದು ತೋಟ. ಆ ತೋಟಕ್ಕೆ ಹಳದಿ ಎಲೆ ರೋಗ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ಕಳಸ, ಸಂಸೆ ಭಾಗದಲ್ಲಿ ಎಲೆಚುಕ್ಕಿ ಬಂದ ತೋಟ ನೋಡಿದರೆ ಗೊತ್ತಾಗುತ್ತದೆ: ಸೋಗೆಯ ತುಂಬ ಕಂದು ಚುಕ್ಕಿ, ಕೆಳಗಿನ ಸೋಗೆಗಳು ಒಣಗಿ ಜೋತು, ತಲೆ ಸಣ್ಣಗಾದ ಮರ. ಕೊಳೆ ರೋಗಕ್ಕೆಂದು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಯ ಬಿಡುವು ನೋಡಿ ಹೊಡೆಯುವುದು ಹಳೆಯ ಕೆಲಸ, ಈಗ ಎಲೆಚುಕ್ಕಿಗೆ ಬೇರೆ ಖರ್ಚು. ಮರ ಹತ್ತುವ ಆಳು ಸಿಗುವುದೇ ಕಷ್ಟ. ಇಂಥಲ್ಲಿ ವಾರಾಂತ್ಯದ ಎರಡು ಜೀಪು ಬಾಡಿಗೆ, ಹತ್ತು ಜನರ ಊಟ ಒಂದು ಮನೆಯ ತಿಂಗಳ ಸಾಲದ ಕಂತು ಕಟ್ಟುತ್ತದೆ. ಮಳೆಗಾಲದಲ್ಲಿ ಮನೆಯ ಯಜಮಾನರು ಫೋನ್ ತೆಗೆಯದಿದ್ದರೆ ತೋಟದಲ್ಲಿ ಔಷಧಿ ಹೊಡೆಸುತ್ತಿದ್ದಾರೆ ಎಂದುಕೊಂಡು ಕತ್ತಲಾದ ಮೇಲೆ ಮತ್ತೆ ಮಾಡಿ.

ಅಂಕ ಕೊಡುವುದಾದರೆ ಐದಕ್ಕೆ ಜೀಪಿಗೆ ಐದು, ರಾತ್ರಿಯೂಟಕ್ಕೆ ಐದು, ಗೈಡಿಗೆ ನಾಲ್ಕೂವರೆ, ವಾರದ ನಡುವಿನ ವಸತಿಗೆ ನಾಲ್ಕು. ಶನಿವಾರದ ವಸತಿಗೆ ಎರಡೂವರೆ, ಬುತ್ತಿಗೆ ಮೂರು. ಟಿಕೆಟ್ ವ್ಯವಸ್ಥೆಗೆ ಮೂರೂವರೆ: ಮಿತಿ ಸರಿಯಾಗಿದೆ, ಆದರೆ ದಾರಿ ಮುಚ್ಚಿದ ಸುದ್ದಿ ರಾತ್ರಿ ಬಸ್ಸು ಹತ್ತಿದವರಿಗೂ ತಲುಪುವಂತಾಗಬೇಕು.

ಬೆಂಗಳೂರಿನಿಂದ 300 ಕಿ.ಮೀ.ಗೂ ಹೆಚ್ಚು ದಾರಿ. ಕಳಸ, ಹೊರನಾಡು ಕಡೆಗೆ ರಾತ್ರಿ ಬಸ್ಸುಗಳಿವೆ. ಮಂಗಳೂರು, ಉಡುಪಿ ಕಡೆಯವರಿಗೆ ಕಾರ್ಕಳ, ಬಜಗೋಳಿ ಮೇಲೆ ಉದ್ಯಾನದ ನಡುವಿನ ರಸ್ತೆ. ಅಲ್ಲಿ ಮಧ್ಯೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವಂತಿಲ್ಲ. ರಾತ್ರಿ ಬಸ್ಸಿಳಿದು ನಿದ್ದೆಯಿಲ್ಲದೆ ಅದೇ ಬೆಳಗ್ಗೆ ಗುಡ್ಡ ಹತ್ತುವ ಯೋಜನೆ ಬೇಡ. ಹಿಂದಿನ ಮಧ್ಯಾಹ್ನವೇ ತಲುಪಿ ಮನೆಯಲ್ಲಿ ಮಲಗಿ ಎದ್ದು ಹೊರಡಿ. ಮನೆಯಲ್ಲಿ ಕಾಳುಮೆಣಸು, ಕಾಫಿಪುಡಿ, ಜೇನು ಮಾರಾಟಕ್ಕಿದ್ದರೆ ಅಲ್ಲೇ ಕೊಳ್ಳಿ. ಫೋನಿನಲ್ಲಿ ದುಡ್ಡು ಕಳಿಸಲು ನೆಟ್‌ವರ್ಕ್ ಸಿಗದಿರುವುದರಿಂದ ಮನೆ, ಜೀಪು, ಗೈಡ್ ಮೂರಕ್ಕೂ ಸಾಕಾಗುವಷ್ಟು ನಗದು, ಅದರಲ್ಲೂ ನೂರು, ಇನ್ನೂರರ ನೋಟು, ಕಳಸದಲ್ಲೇ ತೆಗೆದಿಟ್ಟುಕೊಳ್ಳಿ.